ಟೆರೇಸಿನ ಮೇಲೊಂದು ಭಟ್ಟಿ

ಏಪ್ರಿಲ್ ಬಂತೆಂದರೆ ಅಘನಾಶಿನಿ ದಂಡೆಯ ನಮ್ಮ ಬಾವಿಗೆ ಉಪ್ಪು ನುಗ್ಗುತ್ತದೆ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ಚಹಾಕ್ಕೂ ಸಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಇದಕ್ಕೊಂದು ಶಾಶ್ವತ ಪರಿಹಾರ ಮಾಡಿಯೇ ಬಿಡುತ್ತೇನೆಂದು ನಾನು ಹೊರಟದ್ದು ಓದಿನ ದೆಸೆಯಿಂದ.

1872ರಲ್ಲಿ ಚಿಲಿ ದೇಶದ ಲಾಸ್ ಸಲಿನಾಸ್ ಎಂಬಲ್ಲಿ ಚಾರ್ಲ್ಸ್ ವಿಲ್ಸನ್ ಎಂಬಾತ ಗಾಜಿನ ಮಾಡಿನಡಿ ಉಪ್ಪುನೀರು ನಿಲ್ಲಿಸಿ, ಬರೀ ಬಿಸಿಲಿನಿಂದ ದಿನಕ್ಕೆ 20,000 ಲೀಟರಿಗೂ ಹೆಚ್ಚು ಸಿಹಿನೀರು ಇಳಿಸಿದ್ದ. ಗಣಿಯ ಹೇಸರಗತ್ತೆಗಳಿಗೆ ಕುಡಿಸಲು. ಅಲ್ಲಿ ಕುಡಿದದ್ದು ಹೇಸರಗತ್ತೆ; ಇಲ್ಲಿ ಇಳಿಸಲು ಹೊರಟದ್ದು ಶುದ್ಧ ಕತ್ತೆ. ಅವನ ಗಾಜು 4,000 ಚದರ ಮೀಟರಿಗೂ ಮಿಕ್ಕಿತ್ತು. ನನ್ನದು ಹಳೇ ಕಿಟಕಿಯ ಒಂದು ಗಾಜು.

ತಗಡಿನ ಟ್ರೇಗೆ ಬಿಸಿಲು ಹೀರಲೆಂದು ಕಪ್ಪು ಪೇಂಟ್ ಬಳಿದೆ. ನೀರು ಹರಿದುಬರಲು ಪೈಪು ಸೀಳಿ ಅಂಚಿಗಿಟ್ಟೆ. ಗಾಜು ಇಳಿಜಾರಾಗಿರಬೇಕಂತೆ; ನೋಡಲು ಚಂದವಿರಲಿ ಎಂದು ಸಪಾಟಾಗಿಯೇ ಮುಚ್ಚಿದೆ. ಮಧ್ಯಾಹ್ನಕ್ಕೆ ಒಳಮೈ ಬೆವರಿತು. ಹನಿಗೆ ಹನಿ ಸೇರಿ ದಪ್ಪಗಾಗಿ, ನಡುಗಿ, ಇನ್ನೇನು ಪೈಪಿನತ್ತ ಜಾರಿತು ಎನ್ನುವಾಗ ತಟಕ್ಕನೆ ಉಪ್ಪುನೀರಿಗೇ ವಾಪಸ್ ಬಿತ್ತು. ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ ನನ್ನ ಬೆವರೇ ಅದಕ್ಕಿಂತ ಜಾಸ್ತಿ ಇಳಿದಿತ್ತು.

ಗಾಜು ಓರೆ ಮಾಡಿದ ಮೇಲೆ ಸಂಜೆಗೆ ಲೋಟದ ತಳ ಒದ್ದೆಯಾಯಿತು. ಹೆಂಡತಿ ಲೋಟ ವಾಲಿಸಿ ನೋಡಿದಳು. "ಇದ್ರಲ್ಲಿ ಚಹಾಕ್ಕೆ ಇಡ್ಲಾ, ಇಲ್ಲ ನಿಮ್ಮ ಕಣ್ಣಿಗೆ ಬಿಡ್ಲಾ?"

ಕುಡಿದೆ. ಉಪ್ಪಿರಲಿಲ್ಲ, ಪೇಂಟ್ ಇತ್ತು. ಉಪ್ಪು ಆವಿಯಾಗದೆ ಕೆಳಗೇ ಉಳಿಯುತ್ತದೆ, ಥಿನ್ನರ್ ಮಾತ್ರ ನೀರಿನ ಜೊತೆ ಮೇಲೇರಿ ಬರುತ್ತದೆ ಎಂಬ ವಿಜ್ಞಾನ ನಾಲಿಗೆಗೆ ಚೆನ್ನಾಗಿಯೇ ಹತ್ತಿತು.

ಪೇಂಟಿನ ವಾಸನೆ ಹೋಗುವಷ್ಟರಲ್ಲಿ ಲೆಕ್ಕವೂ ತಲೆಗೆ ಹೋಯಿತು. ಒಂದು ಲೀಟರ್ ನೀರನ್ನು ಆವಿ ಮಾಡಲು ಸುಮಾರು 2,260 ಕಿಲೋಜೌಲ್ ಶಾಖ ಬೇಕು. ಒಳ್ಳೇ ಬಿಸಿಲಿದ್ದರೂ ಚದರ ಮೀಟರ್ ಗಾಜಿಗೆ ದಿನಕ್ಕೆ ಮೂರು ಲೀಟರ್ ಆಸುಪಾಸು. ಟೆರೇಸ್ ತುಂಬ ಗಾಜು ಹಾಸೋಣ ಎಂದೆ. "ಹಲಸಿನ ಹಪ್ಪಳ ನಿಮ್ಮ ತಲೆ ಮೇಲೆ ಒಣಗಿಸ್ಲಾ?" ಎಂದಳು. ನೆಂಟರೊಬ್ಬರು ಬಗ್ಗಿ ನೋಡಿ, "ಸಾಣಿಕಟ್ಟಾ ಆಗರದವರು ಇದೇ ಬಿಸಿಲಲ್ಲಿ ಉಪ್ಪು ತೆಗೀತಾರೆ, ನೀನು ಅದನ್ನೇ ಬಿಟ್ಟೆಯಲ್ಲೋ" ಎಂದು ಮರುಗಿದರು.

ಲೋಟದಲ್ಲಿ ಬಿದ್ದದ್ದು ಈಗ ಇನ್ವರ್ಟರ್ ಬ್ಯಾಟರಿಗೆ ಹೋಗುತ್ತದೆ. ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಲ್ಲುವ ಪಾಳಿ ನನ್ನದು. ಮೊನ್ನೆ ಅಲ್ಲೇ ಹಿಂದಿದ್ದವರು ಭುಜ ತಟ್ಟಿದರು: "ಮಾಸ್ತರ್ರೇ, ನಿಮ್ಮಲ್ಲಿ ಬ್ಯಾಟರಿ ನೀರು ಸಿಗ್ತದಂತಲ್ಲ, ಲೀಟರಿಗೆ ಹೆಂಗೆ?"