ಮುಂದೆ ಜಾಗ ಖಾಲಿ ಇದೆ

ಆಯುಧಪೂಜೆಯ ದಿನ ಕಾರಿನ ಮುಂದಕ್ಕೆ ಎರಡು ಬಾಳೆಕಂದು ಕಟ್ಟಿ, ಬಾನೆಟ್ ಮೇಲೆ ಸೇವಂತಿಗೆ ಹಾರ ಇಳಿಬಿಟ್ಟು, ಬಂಪರಿನಲ್ಲಿ ಕಂಡ ಗುಂಡು ಬಿಲ್ಲೆಗಳಿಗೆಲ್ಲ ಗಂಧ ಮೆತ್ತಿ ಕುಂಕುಮದ ಬೊಟ್ಟಿಟ್ಟರೆ ಗಾಡಿಗೆ ಒಂದು ಕಳೆ ಬರುತ್ತದೆ. ಆ ಬಿಲ್ಲೆಗಳೇ ಪಾರ್ಕಿಂಗ್ ಸೆನ್ಸರ್ ಎಂಬ ಜ್ಞಾನೋದಯ ಆಗುವುದು ಗಾಡಿ ಸ್ಟಾರ್ಟ್ ಮಾಡಿದ ಮೇಲೆ. ಬಾಳೆಲೆ ಅಲ್ಲಾಡಿದಾಗಲೆಲ್ಲ ಎದುರಿಗೆ ಗೋಡೆ ಬಂತೆಂದು ಗಾಡಿ ಹೌಹಾರುತ್ತದೆ. ಹೀಗೆ ಕೀ ಕೀ ಅನ್ನಿಸಿಕೊಂಡೇ ನಾಲ್ಕು ನಿಂಬೆಹಣ್ಣು ಅಪ್ಪಚ್ಚಿ ಮಾಡಿ, ಬಡಾವಣೆಯನ್ನು ಒಂದು ಸುತ್ತು ಹಾಕಿ, ನಡುರಸ್ತೆಯಲ್ಲಿ ತಾವೇ ಒಡೆದ ಬೂದುಗುಂಬಳದ ಮೇಲೆ ಪಕ್ಕದ ಮನೆ ಹುಡುಗನ ಸ್ಕೂಟರ್ ಜಾರುವುದನ್ನೂ ನೋಡಿಕೊಂಡು ವಾಪಸು ಬಂದ ಯಜಮಾನರು ಹೇಳುತ್ತಾರೆ: "ಏನೋ ದೃಷ್ಟಿಯಾಗಿತ್ತು. ಪೂಜೆ ಮಾಡಿಸಿದ್ದು ಒಳ್ಳೇದಾಯ್ತು."

ದೃಷ್ಟಿಯ ವಿಚಾರದಲ್ಲಿ ಈ ಗಾಡಿಗೆ ಏನೂ ಕಮ್ಮಿಯಿಲ್ಲ. ಹಿಂದಿನ ಬಂಪರಿನಲ್ಲಿ ಸೆನ್ಸರ್, ಇನ್ನಷ್ಟು ದುಡ್ಡು ಸುರಿದವರಿಗೆ ಮುಂದೆಯೂ ಸೆನ್ಸರ್, ನಂಬರ್ ಪ್ಲೇಟಿನ ಮೇಲೊಂದು ಕ್ಯಾಮೆರಾ, ಸ್ಟೇರಿಂಗ್ ಮೇಲೆ ಕ್ರೂಸ್ ಕಂಟ್ರೋಲಿನ ಗುಂಡಿ. ಹಿಂದಿನ ಸೆನ್ಸರ್ ಶೋಕಿಗೆ ಬಂದದ್ದಲ್ಲ, ಕಾನೂನಿಂದ ಬಂದದ್ದು. 2019ರ ಜುಲೈ 1ರಿಂದ ದೇಶದಲ್ಲಿ ತಯಾರಾಗುವ ಪ್ರತಿ ಹೊಸ ಕಾರಿನಲ್ಲೂ ಅದು ಇರಲೇಬೇಕು. ಅದರ ಜೊತೆಗೇ ಗಂಟೆಗೆ 80 ಕಿ.ಮೀ. ದಾಟಿದರೆ ಆಗಾಗ ಕೂಗುವ, 120 ದಾಟಿದರೆ ಬಿಡದೆ ಕೂಗುವ ಗಂಟೆ, ಸೀಟ್ ಬೆಲ್ಟ್ ಹಾಕದಿದ್ದರೆ ಕೂಗುವ ಗಂಟೆ ಎಲ್ಲವೂ ಕಡ್ಡಾಯವಾದವು. ನಾವೇನು ಕಮ್ಮಿಯೇ? ಬೆಲ್ಟಿನ ಕೊಂಡಿಗೆ ಸಿಕ್ಕಿಸಿ ಬಾಯಿ ಮುಚ್ಚಿಸುವ ಒಂದು ಲೋಹದ ಕ್ಲಿಪ್ ಪೇಟೆಗೆ ಬಂತು, ಬಿಸಿ ದೋಸೆಯಂತೆ ಹೋಯಿತು. ಕೊನೆಗೆ 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ ಆನ್‌ಲೈನ್ ಅಂಗಡಿಗಳಿಗೆ ಅದನ್ನು ಮಾರಬೇಡಿ ಎಂದು ಆದೇಶ ಕೊಡಬೇಕಾಯಿತು. ಲಕ್ಷಗಟ್ಟಲೆ ಕೊಟ್ಟು ಕೂಗುವ ಗಾಡಿ ತರುವುದು, ಮೇಲೆ ನೂರಿನ್ನೂರು ಕೊಟ್ಟು ಅದರ ಬಾಯಿ ಕಟ್ಟುವುದು. ಸುರಕ್ಷತೆಯೂ ಸಿಕ್ಕಿತು, ನೆಮ್ಮದಿಯೂ ಸಿಕ್ಕಿತು.

ಪಾರ್ಕಿಂಗ್ ಸೆನ್ಸರಿನ ಬಾಯಿ ಕಟ್ಟುವ ಕ್ಲಿಪ್ ಇನ್ನೂ ಬಂದಿಲ್ಲ. ಹಾಗಾಗಿ ಅದರ ಕಷ್ಟವನ್ನು ಕೇಳುವವರಿಲ್ಲ. ಪಾಪ, ಅದು ಮಾಡುವ ಕೆಲಸ ಬಲು ಸರಳ. ನಮ್ಮ ಕಿವಿಗೆ ಕೇಳಿಸದ ಶಬ್ದವೊಂದನ್ನು ಹೊರಡಿಸಿ, ಅದು ಎದುರಿನ ವಸ್ತುವಿಗೆ ಬಡಿದು ವಾಪಸು ಬರಲು ಎಷ್ಟು ಹೊತ್ತಾಯಿತೆಂದು ನೋಡುತ್ತದೆ. ಬಾವಲಿಯ ವಿದ್ಯೆ. ಒಂದೂವರೆ ಮೀಟರ್ ದೂರದ ಗೋಡೆಗೆ ಹೋಗಿ ಬರಲು ಶಬ್ದಕ್ಕೆ ಸೆಕೆಂಡಿನ ನೂರನೇ ಒಂದು ಭಾಗವೂ ಬೇಡ. ಅಷ್ಟರಲ್ಲಿ ಲೆಕ್ಕ ಹಾಕಿ ಮೊದಲು ಬಿಟ್ಟು ಬಿಟ್ಟು, ಹತ್ತಿರವಾದಂತೆ ದಡದಡನೆ, ಒಂದಡಿ ಅಂತರಕ್ಕೆ ಬಂದರೆ ಉಸಿರೇ ಬಿಡದೆ ಕೂಗುತ್ತದೆ. ಇಷ್ಟೆಲ್ಲ ಲೆಕ್ಕ ಗೊತ್ತಿರುವ ಯಂತ್ರಕ್ಕೆ ಗೊತ್ತಿಲ್ಲದ್ದು ಒಂದೇ. ಒಂದಡಿ ಅಂತರ ಅಪಾಯ ಎಂದು ಅದಕ್ಕೆ ಕಲಿಸಿದ್ದಾರೆ. ಬೆಂಗಳೂರಿನಲ್ಲಿ ಒಂದಡಿ ಅಂದರೆ ಖಾಲಿ ಸೈಟು.

ಸಿಗ್ನಲ್ಲಿನಲ್ಲಿ ನಿಂತ ಕಾರನ್ನು ನೋಡಿ. ಎಡಕ್ಕೆ ಹ್ಯಾಂಡಲ್ ತೂರಿಸಿದ ಬೈಕು, ಬಲಕ್ಕೆ ಕನ್ನಡಿ ಮಡಚಿಟ್ಟು ನುಸುಳಿದ ಆಟೋ, ಬಂಪರಿನ ಎದುರಿಗೆ ಅಡ್ಡಡ್ಡ ನಿಂತು ಮೊಬೈಲಿನಲ್ಲಿ ಮುಂದಿನ ಆರ್ಡರ್ ನೋಡುತ್ತಿರುವ ಊಟ ತಲುಪಿಸುವ ಹುಡುಗ. ಒಳಗೆ ಗಾಡಿ ಕೀ ಎಂದು ಪ್ರಾಣ ಬಿಡುತ್ತಿದೆ. ಪರದೆಯ ಮೇಲೆ ಕಾರಿನ ಪುಟ್ಟ ಚಿತ್ರ, ಅದರ ಸುತ್ತ ಕೆಂಪು ಗೆರೆ. ಮಾಲೀಕರು ಸ್ಪೀಕರಿನ ಸದ್ದು ಏರಿಸುತ್ತಾರೆ. ಹೊರಗಿನವರಿಗೆ ಇದೊಂದೂ ಕೇಳಿಸದು, ಕೇಳಿಸಿದರೂ ತಲೆ ಕೆಡಿಸಿಕೊಳ್ಳರು. ಬಸ್ಸಿನಲ್ಲಿ ಉಸಿರಾಡಲು ಜಾಗವಿಲ್ಲದಾಗಲೂ "ಮುಂದೆ ಹೋಗ್ರೀ, ಮುಂದೆ ಜಾಗ ಖಾಲಿ ಇದೆ" ಎಂದು ಕಂಡಕ್ಟರು ಹೇಳುತ್ತಿದ್ದುದನ್ನು ಕೇಳಿ ಬೆಳೆದವರು ನಾವು. ಖಾಲಿ ಇದ್ದದ್ದನ್ನು ಖಾಲಿ ಬಿಟ್ಟರೆ ದಡ್ಡರು. ಧರ್ಮಾಂಬುಧಿ ಕೆರೆ ಹೀಗೇ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕೆರೆಯನ್ನೇ ಬಿಡದ ಊರು ನಿಮ್ಮ ಬಂಪರಿನ ಮುಂದಿನ ಒಂದಡಿಯನ್ನು ಬಿಡುತ್ತದೆಯೇ?

ಇನ್ನು ಆ ಮಾಲೀಕರೇನು ಸಾಚಾ ಎಂದುಕೊಳ್ಳಬೇಡಿ. ಅವರ ಮನೆ ಮುಂದೆ ಹೋಗಿ. ಪಾಲಿಕೆಯ ರಸ್ತೆಯ ಮೇಲೆ, ಹಳೇ ಪೇಂಟ್ ಡಬ್ಬಕ್ಕೆ ಕಾಂಕ್ರೀಟ್ ತುಂಬಿ ನಡುವೆ ಕಬ್ಬಿಣದ ಸರಳು ನೆಟ್ಟು ಎರಡು ಕಡೆ ಇಟ್ಟಿದ್ದಾರೆ. ಪಕ್ಕದಲ್ಲಿ ಎರಡು ಸೈಜುಗಲ್ಲು. ಗೇಟಿಗೆ ನೇತುಹಾಕಿದ ತಗಡಿನಲ್ಲಿ "ನೋ ಪಾರ್ಕಿಂಗ್, ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು". ಗೇಟಿನ ಒಳಗೆ ಕಾರಿಗೆಂದು ನಕ್ಷೆಯಲ್ಲಿ ತೋರಿಸಿ ಮಂಜೂರು ಮಾಡಿಸಿಕೊಂಡ ಜಾಗದಲ್ಲಿ ಈಗ ಒಂದು ಕೋಣೆ, ಅದರಲ್ಲಿ ಬಾಡಿಗೆಗೆ ಇಬ್ಬರು ಸಾಫ್ಟ್‌ವೇರ್ ಹುಡುಗರು. ಕಾರು ಬೀದಿಯಲ್ಲಿ, ಬಾಡಿಗೆ ಜೇಬಿನಲ್ಲಿ. ಇಲ್ಲಿ ಸೆನ್ಸರಿನ ಒಂದು ದೌರ್ಬಲ್ಯ ಹೇಳಲೇಬೇಕು. ಅಗಲವಾದ ಗೋಡೆ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಸಣ್ಣ ಸರಳು, ಬಂಪರಿಗಿಂತ ಕೆಳಗೆ ಕೂತ ಕಲ್ಲು, ಕಂಬದಿಂದ ಓರೆಯಾಗಿ ಇಳಿಬಿಟ್ಟ ತಂತಿ ಅದರ ಲೆಕ್ಕಕ್ಕೆ ಎಷ್ಟೋ ಸಲ ಬರುವುದೇ ಇಲ್ಲ. ತಮ್ಮ ಜಾಗ ಕಾಯಲೆಂದು ತಾವೇ ನೆಟ್ಟ ಸರಳಿಗೆ ತಮ್ಮದೇ ಗಾಡಿಯ ಟೈಲ್ ಲ್ಯಾಂಪ್ ಅರ್ಪಿಸಿದ ಮಹನೀಯರು ಪ್ರತಿ ಕ್ರಾಸಿಗೂ ಒಬ್ಬರು ಸಿಗುತ್ತಾರೆ. ಅವರನ್ನು ಕೇಳಿದರೆ ಸೆನ್ಸರ್ ಸರಿಯಿಲ್ಲ.

ಕ್ಯಾಮೆರಾ ಇರಲಿಲ್ಲವೇ? ಇತ್ತು. ಹಿಂದಿನ ದೃಶ್ಯವನ್ನು ಟಿವಿ ಪರದೆಯಲ್ಲಿ ತೋರಿಸುವ ಆಸೆ ಅಮೆರಿಕದವರಿಗೆ 1956ರಲ್ಲೇ ಹುಟ್ಟಿತ್ತು; ಬ್ಯೂಕ್ ಸೆಂಚೂರಿಯನ್ ಎಂಬ ಪ್ರದರ್ಶನದ ಕಾರಿಗೆ ಕನ್ನಡಿಯ ಬದಲು ಕ್ಯಾಮೆರಾ ಇಟ್ಟಿದ್ದರು. ಅದು ಅಲ್ಲಿ ಕಾನೂನಾದದ್ದು ಮಾತ್ರ ಶೋಕಿಯಿಂದಲ್ಲ. ಹಿಂದಕ್ಕೆ ತೆಗೆಯುತ್ತಿದ್ದ ತಂದೆಯ ಗಾಡಿಗೇ ಸಿಕ್ಕಿ ಸತ್ತ ಎರಡು ವರ್ಷದ ಮಗುವಿನ ಹೆಸರಿನಲ್ಲಿ 2008ರಲ್ಲಿ ಶಾಸನವಾಯಿತು, ಅದು ಪೂರ್ತಿ ಜಾರಿಯಾಗಿ ಪ್ರತಿ ಹೊಸ ಕಾರಿಗೂ ಕ್ಯಾಮೆರಾ ಬರಲು 2018ರ ಮೇ ತಿಂಗಳಾಯಿತು. ಇದರಲ್ಲಿ ನಗುವಂಥದ್ದೇನೂ ಇಲ್ಲ. ನಗು ಬರುವುದು ಅದೇ ಪರದೆಯನ್ನು ನಾವು ಬಳಸುವ ರೀತಿಗೆ. ಮಲೆನಾಡಿನ ಮಳೆಗಾಲದಲ್ಲಿ ಲೆನ್ಸಿನ ಮೇಲೆ ಮೆತ್ತಿದ ಕೆಸರಿನ ಬಣ್ಣ ಬಿಟ್ಟು ಬೇರೇನೂ ಕಾಣದಿದ್ದರೂ ಅದನ್ನೇ ದಿಟ್ಟಿಸುತ್ತ ಹಿಂದೆ ಹೋಗುವವರಿದ್ದಾರೆ. ಕತ್ತು ತಿರುಗಿಸಿ ನೋಡುವುದು ಈಗ ಬಡವರ ಲಕ್ಷಣ.

ಹಿಂದೆ ಹಾಗಿರಲಿಲ್ಲ. ಮಾರುತಿ 800ರ ಕಾಲದಲ್ಲಿ ರಿವರ್ಸ್ ಗೇರ್ ಹಾಕಿದರೆ ಗಾಡಿ ಹಾಡುತ್ತಿತ್ತು. ಒಂದು ಗಾಡಿಯಲ್ಲಿ ಕ್ರಿಸ್‌ಮಸ್ ಹಾಡು, ಇನ್ನೊಂದರಲ್ಲಿ ಹುಟ್ಟುಹಬ್ಬದ್ದು, ಸಂಗೀತಾಭಿರುಚಿ ಇದ್ದವರಿಗೆ ಬೀಥೋವನ್. ಆಷಾಢದ ಮಧ್ಯಾಹ್ನ ಬೀದಿ ತುಂಬ ಕ್ರಿಸ್‌ಮಸ್. ಕಿವಿಗೆ ಹಿಂಸೆ ನಿಜ, ಆದರೆ ಬೀದಿಯಲ್ಲಿ ಗೋಲಿ ಆಡುವ ಮಕ್ಕಳಿಗೂ ಕಟ್ಟೆಯ ಮೇಲಿನ ಅಜ್ಜನಿಗೂ ಗಾಡಿ ಹಿಂದಕ್ಕೆ ಬರುತ್ತಿದೆ ಎಂದು ಗೊತ್ತಾಗುತ್ತಿತ್ತು. ಈಗಿನದು ಏಸಿ ಹಾಕಿಕೊಂಡು ಒಳಗೆ ಕೂತವರ ಕಿವಿಯಲ್ಲಷ್ಟೇ ಕೂಗುತ್ತದೆ. ಬಂಪರಿಗೆ ಗೀರು ಬೀಳುವುದು ಯಾರಿಗೆ ನಷ್ಟವೋ ಅವರಿಗೆ ತಿಳಿದರೆ ಸಾಕಲ್ಲ.

ಮದುವೆ ಛತ್ರದ ಮುಂದೆ ಈ ಎಲ್ಲ ವಿದ್ಯೆಯೂ ಒಂದು ಸೀಟಿಯ ಎದುರು ಮಂಡಿಯೂರುತ್ತದೆ. ಸೀಟಿ ಹಿಡಿದ ಸೆಕ್ಯುರಿಟಿಯವನು ಸರಿಯಾಗಿ ಕಾರಿನ ಬೆನ್ನಿಗೇ ನಿಂತು, ಅಂಗೈ ಮಡಚಿ ಮಡಚಿ ಕರೆಯುತ್ತಾನೆ:

"ಬರ್ಲಿ, ಬರ್ಲಿ, ಬರ್ಲಿ... ಲೆಫ್ಟಿಗೆ ಫುಲ್ ಕಟ್ ಹೊಡೀರಿ... ಬರ್ಲಿ... ಯಾಕ್ ಸಾರ್ ನಿಲ್ಸಿದ್ರಿ?"

"ಕೂಗ್ತಿದೆಯಲ್ಲಪ್ಪ."

"ಅದು ಕೂಗ್ತಾನೇ ಇರತ್ತೆ ಸಾರ್, ನೀವು ಬನ್ನಿ. ಇನ್ನೂ ಜಾಗ ಐತೆ."

ಅದು ಕೂಗುತ್ತಿರುವುದೇ ಅವನನ್ನು ಕಂಡು. ಪರದೆಯಲ್ಲಿ ಅವನ ಖಾಕಿ ಪ್ಯಾಂಟು ಮೊಣಕಾಲಿನವರೆಗೆ ಸ್ಪಷ್ಟವಾಗಿ ಕಾಣುತ್ತಿದೆ, ಕೆಂಪು ಗೆರೆ ಅವನ ಚಪ್ಪಲಿಯ ಮೇಲೆಯೇ ಹಾದುಹೋಗಿದೆ. ಸೆನ್ಸರ್ ನಿಲ್ಲು ಅನ್ನುತ್ತದೆ, ಕ್ಯಾಮೆರಾ ನಿಲ್ಲು ಅನ್ನುತ್ತದೆ, ಪಕ್ಕದಲ್ಲಿ ರೇಷ್ಮೆ ಸೀರೆಯುಟ್ಟು ಕೂತ ಮನೆಯವರು "ನಿಲ್ಸೀಂದ್ರೆ" ಅನ್ನುತ್ತಾರೆ. ಯಜಮಾನರು ಮೂವರನ್ನೂ ಬಿಟ್ಟು ಸೀಟಿಗೆ ಶರಣಾಗುತ್ತಾರೆ. ಅವನು ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಹಾರುತ್ತಾನೆ. ಅವನ ಹಿಂದೆಯೇ ಇದ್ದ ಕಂಬಕ್ಕೆ ಗಾಡಿ ಟಕ್ ಎನ್ನುತ್ತದೆ. ಆಮೇಲೆ ಅವನು ಹೇಳುತ್ತಾನೆ, "ಸ್ಟಾಪ್!" ಈ ಮಾರ್ಗದರ್ಶನಕ್ಕೆ ಇಪ್ಪತ್ತು ರೂಪಾಯಿ.

ಕ್ರೂಸ್ ಕಂಟ್ರೋಲಿನದು ಬೇರೆಯೇ ದುಃಖ. ಅದನ್ನು ಕಂಡುಹಿಡಿದ ರಾಲ್ಫ್ ಟೀಟರ್ ಐದನೇ ವಯಸ್ಸಿನಲ್ಲೇ ಕಣ್ಣು ಕಳೆದುಕೊಂಡ ಅಮೆರಿಕದ ಎಂಜಿನಿಯರ್. ಅವರ ವಕೀಲರು ಕಾರು ಓಡಿಸುತ್ತ ಮಾತಿಗಿಳಿದರೆ ವೇಗ ತಗ್ಗುವುದು, ಮಾತು ನಿಲ್ಲಿಸಿದರೆ ಏರುವುದು. ಈ ಜಗ್ಗಾಟಕ್ಕೆ ರೋಸಿಹೋಗಿ ವೇಗ ಒಂದೇ ಸಮ ಇರಿಸುವ ಯಂತ್ರಕ್ಕೆ ಕೈಹಾಕಿದರಂತೆ. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರ ಹೊತ್ತಿಗೆ ಕ್ರೈಸ್ಲರ್ ಕಂಪನಿ ಅದನ್ನು ಕಾರಿಗೆ ಅಳವಡಿಸಿತು. ಕಣ್ಣಿಲ್ಲದವರು ಮಾಡಿಕೊಟ್ಟದ್ದು ಎರಡು ಕಣ್ಣೂ ನೆಟ್ಟಗಿರುವ ನಮ್ಮ ಕೈಗೆ ಬಂದಿದೆ. ಆದರೆ ಸಾಮಾನ್ಯ ಕ್ರೂಸ್ ಕಂಟ್ರೋಲು ಗಂಟೆಗೆ 30-40 ಕಿ.ಮೀ. ಆದರೂ ದಾಟದೆ ಹಿಡಿತಕ್ಕೆ ಬರುವುದಿಲ್ಲ. ಟಾಮ್‌ಟಾಮ್ ಕಂಪನಿಯ ಲೆಕ್ಕದಂತೆ 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು 29 ನಿಮಿಷ ಬೇಕಿತ್ತು. ಅಂದರೆ ಗಂಟೆಗೆ ಇಪ್ಪತ್ತು ಚಿಲ್ಲರೆ. ಸಿಲ್ಕ್ ಬೋರ್ಡಿನಲ್ಲಿ ಆ ಗುಂಡಿ ಒತ್ತಿದರೆ ಗಾಡಿಗೂ ನಗು ಬರಬೇಕು. ಆದರೂ ಶೋರೂಮಿಗೆ ಕಾಲಿಟ್ಟವರು ಕೇಳುವ ಪ್ರಶ್ನೆಗಳಲ್ಲಿ ಅದು ಮೊದಲನೆಯದು: ಕ್ರೂಸ್ ಇದೆಯಾ? ಇದೆ ಸಾರ್, ಟಾಪ್ ಎಂಡಿನಲ್ಲಿ. ಹಾಗಾದರೆ ಟಾಪ್ ಎಂಡೇ ಇರಲಿ.

ಆ ಗುಂಡಿಯ ಋಣ ತೀರಿಸಲು ಇರುವುದು ಮೈಸೂರು ಎಕ್ಸ್‌ಪ್ರೆಸ್ ಹೈವೇ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ, ಹೆಚ್ಚೂಕಮ್ಮಿ 118 ಕಿ.ಮೀ. ಉದ್ದದ ದಾರಿ. ಅದೇ ವರ್ಷದ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಅಲ್ಲಿ ಪ್ರವೇಶವಿಲ್ಲ. ಕಾರಿಗೆ ಮಿತಿ ಗಂಟೆಗೆ 100. ಟೋಲ್ ಕಟ್ಟಿ, ವೇಗ ಸೆಟ್ ಮಾಡಿ, ಅಳಿಯಂದಿರು ಎರಡೂ ಪಾದ ಎತ್ತಿ ಪಕ್ಕಕ್ಕಿಡುತ್ತಾರೆ. ಹಿಂದಿನ ಸೀಟಿನಿಂದ ಅತ್ತೆಯವರ ದನಿ: "ಏನಪ್ಪಾ, ಕಾಲು ನೋವಾ?"

"ಇಲ್ಲ ಅತ್ತೆ, ಕ್ರೂಸ್ ಹಾಕಿದೀನಿ. ಗಾಡಿ ತಾನೇ ಹೋಗತ್ತೆ."

"ಹೋಗ್ಲಿ ಬಿಡು. ನೀನೂ ಸ್ವಲ್ಪ ಕಾಲಿಟ್ಕೊಂಡಿರು."

ನೂರರಲ್ಲಿ ಒಂದೇ ಸಮ ಹೋಗುವ ಈ ಗಾಡಿ ಉಳಿದವರ ಪಾಲಿಗೆ ರಸ್ತೆ ನಡುವಿನ ಹುತ್ತ. ಮಿಕ್ಕವರು ಹೋಗುವ ಕ್ರಮ ಬೇರೆ: ಕ್ಯಾಮೆರಾ ಕಂಬ ಬಂದಾಗ ಎಂಬತ್ತಕ್ಕಿಳಿದು ಕೈಮುಗಿಯುವಷ್ಟು ವಿನಯ, ಕಂಬ ದಾಟಿದ ಮೇಲೆ ನೂರಮೂವತ್ತು. 2024ರ ಆಗಸ್ಟಿನಿಂದ ನೂರಮೂವತ್ತು ಮೀರಿದವರ ಮೇಲೆ ಎಫ್‌ಐಆರ್ ಎಂದು ಪೊಲೀಸರು ಹೇಳಿದ ಮೇಲೆ ನೂರಿಪ್ಪತ್ತೊಂಬತ್ತು.

ಇದರಲ್ಲೂ ಮೇಲ್ವರ್ಗವಿದೆ. ರಾಡಾರ್ ಇಟ್ಟುಕೊಂಡು ಮುಂದಿನ ಗಾಡಿಯಿಂದ ಇಂತಿಷ್ಟು ದೂರ ತಾನೇ ಕಾಯ್ದುಕೊಳ್ಳುವ ಹೊಸ ಕ್ರೂಸ್. ಅದು ಬಲು ಸಂಭಾವಿತ. ಮುಂದೆ ಎರಡು ಮೂರು ಗಾಡಿಯಷ್ಟು ಜಾಗ ಬಿಡುತ್ತದೆ. ಬಿಟ್ಟ ಜಾಗಕ್ಕೆ ಎಡದಿಂದ ಒಂದು ಟ್ಯಾಕ್ಸಿ ನುಗ್ಗುತ್ತದೆ. ಗಾಡಿ ತಾನೇ ಬ್ರೇಕ್ ಹಾಕಿ ಟ್ಯಾಕ್ಸಿಯಿಂದಲೂ ಅಷ್ಟೇ ದೂರ ಸರಿಯುತ್ತದೆ. ಆ ಜಾಗಕ್ಕೆ ಒಂದು ಟೆಂಪೋ ಟ್ರಾವೆಲರ್. ಮತ್ತೆ ಬ್ರೇಕ್. ಹಿಂದಿನವನು ಲೈಟ್ ಮಿಣುಕಿಸಿ ಬೈಯುತ್ತಾನೆ, ಅತ್ತೆಯವರು ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಬಿಡದಿಯಲ್ಲಿ ಇವರ ಹಿಂದಿದ್ದವರೆಲ್ಲ ಮದ್ದೂರಿನ ಹೊತ್ತಿಗೆ ಮುಂದಿದ್ದಾರೆ. ಆ ದೂರವನ್ನು ಕಮ್ಮಿ ಮಾಡಿಕೊಳ್ಳಲು ಒಂದು ಗುಂಡಿಯಿದೆ. ಅದನ್ನು ಒತ್ತಿ ಒತ್ತಿ ಕಟ್ಟಕಡೆಯ ಗೆರೆಗೆ ತಂದಿಟ್ಟರೂ ಒಂದು ಕಾರು ತೂರುವಷ್ಟು ಸಂದು ಉಳಿದೇ ಇರುತ್ತದೆ.

ವಾರದ ನಂತರ ಸರ್ವೀಸಿಗೆ ಬಿಟ್ಟಾಗ ಜಾಬ್ ಕಾರ್ಡಿನಲ್ಲಿ ಮಾಲೀಕರ ದೂರುಗಳನ್ನು ಹುಡುಗ ಒಂದೊಂದಾಗಿ ಬರೆದುಕೊಳ್ಳುತ್ತಾನೆ. ಏಸಿ ಕೂಲಿಂಗ್ ಸಾಲದು. ಹಿಂದಿನ ಬಾಗಿಲಿನಲ್ಲಿ ಕಿರ್ರ್ ಸದ್ದು. ಹಿಂದಿನ ಬಂಪರ್, ಇನ್ಶೂರೆನ್ಸ್ ಕ್ಲೇಮು. ಕೊನೆಯದನ್ನು ಬರೆಯುವ ಮುಂಚೆ ಅವನು ತಲೆಯೆತ್ತಿ ಒಮ್ಮೆ ಕೇಳುತ್ತಾನೆ, "ಏನಂದ್ರಿ ಸಾರ್?"

"ಮುಂದೆ ಗ್ಯಾಪ್ ಬಿಡ್ತಾ ಇದೆ ಕಣ್ರೀ. ಅದೊಂದು ರಿಪೇರಿ ಮಾಡ್ಕೊಡಿ."