ಗೈರುಹಾಜರಾದ ಗಣಿತಜ್ಞ

ಅವಿಭಕ್ತ ಕುಟುಂಬಗಳಲ್ಲಿ ಲೆಕ್ಕ ಬಲ್ಲವರು ಸಾಮಾನ್ಯವಾಗಿ ಒಬ್ಬರೇ. ಉಳಿದವರು ಉಳುವುದು, ಉಣ್ಣುವುದು. ಬಡ್ಡಿ, ಭಿನ್ನರಾಶಿ ಎದುರಾದಾಗ ಮಾತ್ರ ‘ಚಿಕ್ಕಪ್ಪನ್ನ ಕರೀರಪ್ಪಾ’. 1980ರ ದಶಕದ ಕಂಪ್ಯೂಟರುಗಳ ಸಂಸಾರವೂ ಬಹುಮಟ್ಟಿಗೆ ಹೀಗೇ ಸಾಗುತ್ತಿತ್ತು. ಪ್ರೊಸೆಸರ್ ಪೂರ್ಣಾಂಕಗಳನ್ನು ಕೂಡಿ ಕಳೆದು ದಿನ ದೂಡುತ್ತಿತ್ತು. ದಶಮಾಂಶ, ಸೈನು, ಲಾಗರಿದಮ್ಮು ಬಂದರೆ ಪಕ್ಕದ ಸಾಕೆಟ್ಟಿನ ಕೋಪ್ರೊಸೆಸರನ್ನು ಕೂಗಬೇಕು. ಮೊಟೊರೋಲಾದ 68030ಕ್ಕೆ ಅಂಥ ಚಿಕ್ಕಪ್ಪ 68882. 80 ಬಿಟ್ಟಿನ ಎಂಟು ರಿಜಿಸ್ಟರುಗಳು, ಹುಟ್ಟುವಾಗಲೇ ಹೊಟ್ಟೆಯೊಳಗೆ ಪೈ ಬೆಲೆ, ಭಾರೀ ವಿದ್ವಾಂಸ.

ಬ್ರಿಟನ್ನಿನಲ್ಲಿರುವ ನನ್ನ ಭಾವನವರಿಗೆ ನಿವೃತ್ತಿಯ ನಂತರ ಹತ್ತಿದ ಗೀಳು ಅಮಿಗಾ 1200. 1992ರಲ್ಲಿ ಬಂದ ಯಂತ್ರ. 1994ರಲ್ಲಿ ಅದನ್ನು ಮಾಡಿದ ಕಮೊಡೋರ್ ಕಂಪನಿಯೇ ದಿವಾಳಿಯಾಯಿತು, ಭಕ್ತರು ಮಾತ್ರ ದಿವಾಳಿಯಾಗಲಿಲ್ಲ. ಮೂಲದಲ್ಲಿ ಅದಕ್ಕೆ 14 ಮೆಗಾಹರ್ಟ್ಸಿನ ಮಿದುಳು, ಗಣಿತದ ಚಿಪ್ಪಿಲ್ಲ. ಆದರೆ ತಳದಲ್ಲೊಂದು ಪುಟ್ಟ ಬಾಗಿಲಿದೆ. ಅದರೊಳಗೆ ಆಕ್ಸಲರೇಟರ್ ಬೋರ್ಡು ತೂರಿಸಿದರೆ ಮುದುಕ ಎದ್ದು ಓಡುತ್ತಾನೆ. ಭಾವನವರು ಯಾರಿಂದಲೋ ಹಳೆಯದೊಂದನ್ನು ಕೊಂಡರು. 50 ಮೆಗಾಹರ್ಟ್ಸಿನ 68030. ಜೊತೆಗೆ 68882 ಇದೆ ಎಂದು ಮಾರಿದಾತ ಹೇಳಿದ್ದ. ಇತ್ತು ಕೂಡ, ಕಣ್ಣಿಗೆ ಕಾಣುವಂತೆ. ‘ಸಿಪಿಯು’ ಎಂಬ ಆಜ್ಞೆ ಕೊಟ್ಟರೆ ಪರದೆಯ ಮೇಲೆ 68030 ಬಂತು. 68882 ಬರಲಿಲ್ಲ. ವೀಡಿಯೊ ಕರೆ ಬಂತು.

ಅಮಿಗಾ ಹಾಜರಿ ಕರೆಯುವ ರೀತಿ ಸೊಗಸಾದದ್ದು. ಸ್ವಿಚ್ಚು ಹಾಕಿದೊಡನೆ ಕಿಕ್‌ಸ್ಟಾರ್ಟ್ ಎಂಬ ಅದರ ಮೂಲ ತಂತ್ರಾಂಶ ಗಣಿತದ ಆಜ್ಞೆಯೊಂದನ್ನು ಸುಮ್ಮನೆ ಕೂಗಿ ನೋಡುತ್ತದೆ. ಯಾರಾದರೂ ಓಗೊಟ್ಟರೆ, ‘ನಿನ್ನ ಸ್ಥಿತಿಯನ್ನು ಮೆಮೊರಿಗೆ ಬರೆದಿಡು’ ಎನ್ನುತ್ತದೆ. ಬರೆದದ್ದು ಚಿಕ್ಕದಾದರೆ ಹಿಂದಿನ ಪೀಳಿಗೆಯ 68881, ದೊಡ್ಡದಾದರೆ 68882. ಓಗೊಡದಿದ್ದರೆ ಗದ್ದಲವಿಲ್ಲದೆ ‘ಇಲ್ಲ’ ಎಂದು ಗುರುತು ಹಾಕಿಕೊಂಡು ಮುಂದಕ್ಕೆ ಹೋಗುತ್ತದೆ. ಮತ್ತೆ ಕೇಳುವುದಿಲ್ಲ. ಈ ಗುರುತನ್ನು ನೋಡದೆ ಯಾವುದಾದರೂ ಅವಸರದ ಪ್ರೋಗ್ರಾಮು ನೇರವಾಗಿ ಸೈನು ಕೇಳಿತೋ, ಎಂಟು, ಆರು ಸೊನ್ನೆ, ಕೊನೆಗೊಂದು ‘ಬಿ’ ಇರುವ ದೋಷಸಂಖ್ಯೆಯನ್ನು ತೋರಿಸಿ ಯಂತ್ರ ಧ್ಯಾನಸ್ಥವಾಗುತ್ತದೆ.

ಸಂಶಯಿತರು ಹಲವರು. ಕಾಲುಗಳಿಗೆ ಕಿಲುಬು ಹಿಡಿದಿರಬಹುದು. ಮೂಲೆ ತಪ್ಪಿಸಿ ಕೂರಿಸಿರಬಹುದು. ಚೌಕದ ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿರುವುದೇ ಅದನ್ನು ತಡೆಯಲು. ಜಂಪರು ತಪ್ಪಿರಬಹುದು. ಭಾವನವರು ಚಿಪ್ಪನ್ನು ಎತ್ತಿದರು, ಒರೆಸಿದರು, ಒತ್ತಿದರು. ಅಕ್ಕ ಹಿಂದಿನಿಂದ, “ಅದಿಲ್ಲದೆ ಈಗ ಏನು ನಿಂತುಹೋಗಿದೆ?” ಎಂದು ಕೇಳಿದಳು. ಇಡೀ ತನಿಖೆಯಲ್ಲಿ ಅಷ್ಟು ನೇರವಾದ ಪ್ರಶ್ನೆ ಮತ್ತೊಂದಿರಲಿಲ್ಲ. ಆದ್ದರಿಂದಲೇ ನಾವಿಬ್ಬರೂ ಉತ್ತರಿಸಲಿಲ್ಲ.

ಕೊನೆಗೆ ಕ್ಯಾಮೆರಾದಲ್ಲಿ ಕಂಡದ್ದು ಚಿಪ್ಪಿನ ಪಕ್ಕದ ನಾಲ್ಕು ಖಾಲಿ ತೂತು. ಆಸಿಲೇಟರ್ ಎಂಬ ಲೋಹದ ಪುಟ್ಟ ಡಬ್ಬಿ ಕೂರಬೇಕಾದ ಜಾಗ. ಹಿಂದಿನ ಮಾಲೀಕ ಕಿತ್ತು ಬೇರೆಲ್ಲೋ ಬಳಸಿರಬೇಕು. ಮಿಡಿತ ಕೊಡುವವರಿಲ್ಲದೆ ವಿದ್ವಾಂಸರು ಅಷ್ಟು ದಿನವೂ ಕೂತಲ್ಲೇ ನಿದ್ದೆಯಲ್ಲಿದ್ದರು. ಚಿಪ್ಪಿನ ಮೇಲೆ 40 ಎಂದಿತ್ತು. 40 ಮೆಗಾಹರ್ಟ್ಸಿನದನ್ನೇ ತರಿಸಿದ್ದಾಯಿತು. ಪ್ರೊಸೆಸರ್ 50ರಲ್ಲಿ ಓಡಿದರೂ ಜಗಳವಿಲ್ಲ, ಇಬ್ಬರೂ ತಂತಮ್ಮ ಲಯದಲ್ಲಿ ನಡೆಯಬಲ್ಲರು.

ಇದ್ದೂ ಇಲ್ಲದ ಗಣಿತದ ವಿಷಯದಲ್ಲಿ ಇಂಟೆಲ್ಲಿನವರು 1991ರಲ್ಲಿ ಇದಕ್ಕಿಂತ ಮಜವಾದ ಆಟ ಆಡಿದ್ದರು. ಗಣಿತದ ಭಾಗವನ್ನು ಕೆಲಸಮಾಡದಂತೆ ಮಾಡಿ 486ಎಸ್‌ಎಕ್ಸ್ ಎಂಬ ಪ್ರೊಸೆಸರ್ ಮಾರಿದರು. ಗಣಿತ ಬೇಕೆಂದವರಿಗೆ 487ಎಸ್‌ಎಕ್ಸ್. ಆ ‘ಸಹಾಯಕ’ ನಿಜಕ್ಕೂ ಗಣಿತವೂ ಸೇರಿದ ಪೂರಾ ಪ್ರೊಸೆಸರ್ 486ಡಿಎಕ್ಸ್! ಬಂದೊಡನೆ ಹಳಬನನ್ನು ಮಲಗಿಸಿ ತಾನೇ ಯಜಮಾನನಾಗುತ್ತಿತ್ತು.

ಭಾವನವರ ಬೋರ್ಡಿನಲ್ಲಿ ಆಸಿಲೇಟರ್ ಕೂತೊಡನೆ ಪರದೆಯ ಮೇಲೆ 68882 ಮೂಡಿತು. ಭಾವನವರು ಅದರ ಫೋಟೊ ತೆಗೆದರು. ಒಂದು ಕಾಲಕ್ಕೆ ‘ಬ್ಯಾಬಿಲಾನ್ 5’ ಟಿವಿ ಧಾರಾವಾಹಿಯ ಅಂತರಿಕ್ಷ ನೌಕೆಗಳನ್ನು ಅಮಿಗಾಗಳಲ್ಲಿ ಲೈಟ್‌ವೇವ್ ತಂತ್ರಾಂಶ ಬಳಸಿ ಚಿತ್ರಿಸುತ್ತಿದ್ದರು, ಅಂಥವರಿಗೆ ದಶಮಾಂಶದ ಗಣಿತವೇ ಅನ್ನ. ಭಾವನವರು ಒಂದು ಮ್ಯಾಂಡಲ್‌ಬ್ರಾಟ್ ಚಿತ್ರ ಬರೆಸಿ, ಮತ್ತೆ ಪೂರ್ಣಾಂಕಗಳಲ್ಲೇ ನಡೆಯುವ ಆಟಗಳಿಗೆ ಮರಳಿದರು.

ಈಗ ಅದೇ ವಂಶದ 68060 ಪ್ರೊಸೆಸರಿನ ಮೇಲೆ ಕಣ್ಣು. ಅದರಲ್ಲಿ ಗಣಿತದ ಭಾಗ ಒಳಗೇ ಇದೆ. “ಎಲ್‌ಸಿ ಎಂದಿದ್ದರೆ ಕೊಳ್ಳಬೇಡಿ, ಅದರಲ್ಲಿ ಇರುವುದಿಲ್ಲ,” ಎಂದೆ. “ಮೇಲಿನ ಅಕ್ಷರ ಉಜ್ಜಿ, ಬೇರೆ ಹೆಸರು ಅಚ್ಚುಹಾಕಿ ಮಾರುವವರೂ ಇದ್ದಾರೆ.”

“ಹೌದೇ?” ಎಂದರು ಭಾವ, ಮುಖ ಅರಳಿಸಿ. “ಹಾಗಾದರೆ ತರಿಸಿದ ಮೇಲೂ ಹುಡುಕುವುದು ಇರುತ್ತೆ.”