ರಸ್ತೆಗಳನ್ನು ಎಂಟರ ಆಕಾರದಲ್ಲಿ ಕಟ್ಟಿಸಿ

ಇವರಿಗೆ,
ಮಾನ್ಯ ಸಚಿವರು,
ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ, ನವದೆಹಲಿ

ಮಾನ್ಯರೆ,

ಗೇರ್ ಬೈಕಿನ ಲೈಸೆನ್ಸ್ ಪಡೆದ ನಾವೆಲ್ಲ ಕಾಲು ನೆಲಕ್ಕೆ ತಾಗಿಸದೆ ಎಂಟು ಹಾಕುವುದರಲ್ಲಿ ನಿಸ್ಸೀಮರು. ಆದರೆ ಆ ವಿದ್ಯೆ ತೋರಿಸಲು ಎಲ್ಲಿಯೂ ರಸ್ತೆ ಸಿಗುತ್ತಿಲ್ಲ. ತುಮಕೂರು ಹೆದ್ದಾರಿ ನೆಟ್ಟಗಿದೆ. ಮೈಸೂರು ಎಕ್ಸ್‌ಪ್ರೆಸ್‌ವೇ ಇನ್ನೂ ನೆಟ್ಟಗಿದೆ, 2023ರ ಆಗಸ್ಟ್‌ನಿಂದ ಅದರ ಮುಖ್ಯ ರಸ್ತೆಗೆ ಬೈಕುಗಳನ್ನು ಬಿಡುವುದೇ ಇಲ್ಲ. ಹಾಗಾಗಿ ಮುಂದೆ ಕಟ್ಟುವ ಹೆದ್ದಾರಿಗಳಾದರೂ 8ರ ಆಕಾರದಲ್ಲಿರಲಿ ಎಂದು ಕೋರುತ್ತೇನೆ.

ಈ ಎಂಟು ಹಾಕಿಸುವ ಲೈಸೆನ್ಸ್ ಪರೀಕ್ಷೆಯ ಮೈದಾನವನ್ನು ತಾವು ಒಮ್ಮೆ ನೋಡಬೇಕು. ಬೆಳಿಗ್ಗೆಯೇ ಸಾಲು ನಿಂತಿರುತ್ತದೆ. ಡ್ರೈವಿಂಗ್ ಸ್ಕೂಲಿನವರ ಒಂದೇ ಹಳೇ ಬೈಕು, ಒಂದೇ ಹೆಲ್ಮೆಟ್. ಮೊದಲನೆಯವನ ಬೆವರು ಆರುವ ಮುಂಚೆ ಆ ಹೆಲ್ಮೆಟ್ಟು ಎರಡನೆಯವನ ತಲೆಗೆ, ಅಲ್ಲಿಂದ ಮೂರನೆಯವನ ತಲೆಗೆ. ಫಸ್ಟ್ ಗೇರ್, ಅರ್ಧ ಕ್ಲಚ್, ಉಸಿರು ಬಿಗಿಹಿಡಿದು ಒಂದು ಸುತ್ತು, ಅಷ್ಟೆ. ಕೆಲವು ಕಡೆ ಈಗ ಕ್ಯಾಮೆರಾ, ಸೆನ್ಸರ್ ಬಂದಿವೆ. ಅವು ನೋಡುವುದೂ ಕಾಲು ಊರಿದನೋ ಇಲ್ಲವೋ ಎಂಬುದನ್ನೇ. (ಕನ್ನಡದ ೮ ಹಾಕಿಸಿದ್ದರೆ ಅರ್ಧ ತಿರುವಿನಲ್ಲೇ ಪಾಸಾಗಬಹುದಿತ್ತು. ಕನ್ನಡಪರ ಸಂಘಟನೆಗಳು ಇದನ್ನು ಯಾಕೋ ಗಮನಿಸಿಲ್ಲ.)

ನಿಮ್ಮದೇ 1989ರ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ಓದಿದರೆ ಮಾತ್ರ ಬೇರೆ ಲೋಕಕ್ಕೆ ಹೋದ ಹಾಗಾಗುತ್ತದೆ. ನಿಯಮ 15ರ ಪ್ರಕಾರ ಅಭ್ಯರ್ಥಿ ಟಾಪ್ ಗೇರ್‌ವರೆಗೂ ಹೋಗಿ ತೋರಿಸಬೇಕು, ಸುರಕ್ಷಿತವಾಗಿ ಓವರ್‌ಟೇಕ್ ಮಾಡಬೇಕು, ತುರ್ತು ಸಂದರ್ಭದಲ್ಲಿ ಗಾಡಿ ನಿಲ್ಲಿಸಬೇಕು. ಎಂಟರೊಳಗೆ ಟಾಪ್ ಗೇರ್ ಹಾಕುವವನಿಗೆ ಲೈಸೆನ್ಸ್ ಅಲ್ಲ, ಸರ್ಕಸ್ಸಿನಲ್ಲಿ ಕೆಲಸ ಕೊಡಬೇಕು.

ಕಲಿಸುವವರ ವಿಷಯದಲ್ಲೂ ನಿಮ್ಮ ನಿಯಮ ಉದಾರವಾಗಿದೆ. ಕಲಿಯುವವನ ಜೊತೆ ಲೈಸೆನ್ಸ್ ಇರುವ ಬೋಧಕ ಇರಬೇಕು, ವಾಹನವನ್ನು ನಿಯಂತ್ರಿಸಲು ಅಥವಾ ನಿಲ್ಲಿಸಲು ಆಗುವಂಥ ಜಾಗದಲ್ಲಿ ಕೂತಿರಬೇಕು ಎನ್ನುತ್ತದೆ ನಿಯಮ 3. ಕಾರಿನಲ್ಲಾದರೆ ಸರಿ. ಬೈಕಿನ ಹಿಂದಿನ ಸೀಟಿನಲ್ಲಿ ಕೂತ ಸೋದರಮಾವನ ಕೈಗೆ ಬ್ರೇಕ್ ಎಟುಕುವುದು ಹೇಗೆ? 2021ರಲ್ಲಿ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ಯೋಜನೆ ತಂದು, ಕಾರಿನಂಥ ಲಘು ವಾಹನಕ್ಕೆ 29 ಗಂಟೆಗಳ ಪಾಠ ಇಟ್ಟಿರಿ. ಸ್ವಂತಕ್ಕೆ ಬೈಕು ಓಡಿಸುವವನು ಒಂದು ಗಂಟೆ ಪಾಠ ಕೇಳದಿದ್ದರೂ ನಡೆಯುತ್ತದೆ. ಅವನಿಗೆ ಸೋದರಮಾವನೇ ಮಾನ್ಯತೆ ಪಡೆದ ಕೇಂದ್ರ. ಆ ಕೇಂದ್ರದ ಪಠ್ಯಕ್ರಮ ಒಂದೇ ಸಾಲಿನದು: "ಮುಂದಿನ ಬ್ರೇಕ್ ಮುಟ್ಟಬೇಡ ಕಣೋ, ಪಲ್ಟಿ ಹೊಡೀತೀಯ."

ಈ ಒಂದು ಸಾಲಿಗೆ ಎಷ್ಟು ಜನ ಬಲಿಯಾಗಿದ್ದಾರೋ. ಬೈಕನ್ನು ನಿಲ್ಲಿಸುವ ಶಕ್ತಿಯ ಬಹುಪಾಲು ಇರುವುದೇ ಮುಂದಿನ ಬ್ರೇಕಿನಲ್ಲಿ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನದು ಹಗುರಾಗಿ ಜಾರುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲ್ಪಟ್ಟ ಹೊಸ ಬೈಕುಗಳಿಗೆ, ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯ ಮಾಡಿದಿರಿ, ಒಳ್ಳೆಯ ಕೆಲಸ. ಸಿಂಗಲ್ ಚಾನೆಲ್ ಎಬಿಎಸ್ ಇರುವ ಬೈಕುಗಳಲ್ಲಿ ಸಾಮಾನ್ಯವಾಗಿ ಅದು ಇರುವುದು ಮುಂದಿನ ಚಕ್ರಕ್ಕೆ ಮಾತ್ರ. ಅಂದರೆ ಬೈಕಿಗೆ ಬ್ರೇಕ್ ಹಿಡಿಯಲು ಕಾನೂನೇ ಕಲಿಸಿತು, ಸವಾರನಿಗೆ ಅದನ್ನು ಮುಟ್ಟಬೇಡ ಎಂದು ಮಾವ ಕಲಿಸಿದ.

ಪರೀಕ್ಷೆಯನ್ನು ಬದಲಿಸುವುದೂ ಸುಲಭವಲ್ಲ. ಪಕ್ಕದ ಕೇರಳದಲ್ಲಿ 2024ರವರೆಗೂ ಎಂ-80 ಎಂಬ ಕೈಗೇರಿನ ಗಾಡಿಯ ಮೇಲೆ ಎಂಟು ಹಾಕಿದವರಿಗೆ ಗೇರ್ ಬೈಕಿನ ಲೈಸೆನ್ಸ್ ಸಿಗುತ್ತಿತ್ತು. ಆ ಗಾಡಿಯ ತಯಾರಿಕೆ ನಿಂತು ಎಷ್ಟೋ ಕಾಲವಾಗಿತ್ತು. ಅದನ್ನು ಬಿಡಿ ಎಂದು ಸರ್ಕಾರ ಹೇಳಿ, ಜೊತೆಗೆ ಬೇರೆ ಬದಲಾವಣೆಗಳನ್ನೂ ತಂದಾಗ ಡ್ರೈವಿಂಗ್ ಸ್ಕೂಲುಗಳು ಮುಷ್ಕರಕ್ಕೇ ಇಳಿದವು.

ನಿಮ್ಮ ಸಚಿವಾಲಯದ ವರದಿಯೇ ಹೇಳುವಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದವರು. ಎಂಟು ಹಾಕುವಾಗ ಆಯ ತಪ್ಪಿ ಸತ್ತವರು ಅವರಲ್ಲಿ ಇದ್ದಂತಿಲ್ಲ.

ಹೆದ್ದಾರಿಯ ಆಕಾರ ಬದಲಿಸುವುದು ದುಬಾರಿ ಎನ್ನುವುದಾದರೆ ಅಗ್ಗದ ದಾರಿಯೊಂದಿದೆ. ಪ್ರತಿ ಮೈದಾನದಲ್ಲೂ ಎಂಟರ ಪಕ್ಕದಲ್ಲಿ ನೂರು ಮೀಟರ್ ನೇರವಾಗಿ ಟಾರು ಹಾಕಿಸಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವವನಿಗೆ ದಿಢೀರನೆ ಕೆಂಪು ಬಾವುಟ ತೋರಿಸಿ. ಎರಡೂ ಬ್ರೇಕ್ ಹಿಡಿದು, ಬೀಳದೆ, ಗೆರೆಯೊಳಗೆ ನಿಂತವನಿಗೆ ಲೈಸೆನ್ಸ್ ಕೊಡಿ. ನಿಲ್ಲದವನನ್ನು ಕಲಿತು ಬಾ ಎಂದು ಕಳಿಸಿ. ಪರೀಕ್ಷೆ ನಡೆಸುವುದು ರಾಜ್ಯಗಳ ಕೆಲಸ ಎಂದು ತಾವು ಹೇಳಬಹುದು, ಆದ್ದರಿಂದ ಈ ಪತ್ರದ ಪ್ರತಿಯನ್ನು ರಾಜ್ಯದ ಸಾರಿಗೆ ಇಲಾಖೆಗೂ ಕಳಿಸುತ್ತಿದ್ದೇನೆ. ಈ ಬ್ರೇಕ್ ಪರೀಕ್ಷೆಗೆ ಹೊಸ ಕಾನೂನೂ ಬೇಡ, ತಿದ್ದುಪಡಿಯೂ ಬೇಡ. ನಿಯಮ 15ರಲ್ಲಿ ಬರೆದಿರುವುದನ್ನು ಮಾಡಿಸಿದರೆ ಸಾಕು.

ಇಂತಿ ತಮ್ಮ ವಿಧೇಯ,
ಎಂಟರಲ್ಲಿ ಉತ್ತೀರ್ಣನಾದ ಸವಾರ